ಕೊಳವೆ ಕಚ್ಚಿದವರ ಹೆಸರು

ಆ ವರ್ಷ ನನಗೆ ಸಿಟ್ಟು ಬಂದಾಗಲೆಲ್ಲ ನನ್ನ ಬೆರಳಿನ ಉಂಗುರ "ಮೌನೇಶಾಚಾರ್ ಮಾಡಿದ್ದು" ಎಂದು ಕೂಗುತ್ತಿತ್ತು. ಸಿಟ್ಟು ಬರುತ್ತಿದ್ದದ್ದೂ ಮೌನೇಶಾಚಾರರ ಮೇಲೆಯೇ. ಹಾಗಾಗಿ ನಾನು ಅವರನ್ನು ಬೈದಷ್ಟೂ ಅವರಿಗೆ ಪುಕ್ಕಟೆ ಪ್ರಚಾರ. ಒಬ್ಬ ಮನುಷ್ಯ ನಿಮ್ಮ ಕೆಲಸವನ್ನು ಕದಿಯಬಹುದು, ಸಹಿಸೋಣ. ನಿಮ್ಮ ಸಿಟ್ಟನ್ನೂ ತನ್ನ ಬಳಕೆಗೆ ತೆಗೆದುಕೊಂಡರೆ ಏನು ಮಾಡುವುದು?

ಆ ಉಂಗುರ ಮಾಡಿದ್ದು ನಾನು. ಬೆಳ್ಳಿ ತಗಡು ಕತ್ತರಿಸಿದ್ದು ನಾನು, ಬಗ್ಗಿಸಿದ್ದು ನಾನು, ಎರಡು ತುದಿ ಒಂದಕ್ಕೊಂದು ಸೇರುವ ತನಕ ಒಂಬತ್ತು ದಿನ ಅರ ಹಾಕಿ ಉಜ್ಜಿದ್ದು ನಾನು. ಹೆಬ್ಬೆರಳು ಸುಟ್ಟುಕೊಂಡದ್ದಂತೂ ಖಂಡಿತ ನಾನೇ, ಅದರಲ್ಲಿ ಯಾರೂ ಪಾಲು ಕೇಳಲಿಲ್ಲ. ಆದರೆ ನಮ್ಮೂರಿನಲ್ಲಿ ಬೆಸುಗೆ ಕರಗಿ ಕೂಡಿಕೊಳ್ಳುವ ಕ್ಷಣದಲ್ಲಿ ಹತ್ತಿರ ಯಾವ ಸದ್ದು ಇರುತ್ತದೋ ಅದು ಒಡವೆಯೊಳಗೆ ಉಳಿದುಬಿಡುತ್ತದೆ. ಮೈಯ ಬಿಸಿ ತಾಗಿದಾಗ ಒಡವೆ ಅದನ್ನೇ ಹೇಳುತ್ತದೆ. ಹೊಸದಾಗಿ ತೊಟ್ಟಾಗ ಒಮ್ಮೆ, ಆಮೇಲೆ ಜ್ವರ ಬಂದಾಗ, ನಾಚಿಕೆಯಾದಾಗ, ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಾಗ. ಅದಕ್ಕೇ ನಮ್ಮಲ್ಲಿ ಜಗಳಕ್ಕೆ ಹೊರಟವರು ಮೊದಲು ಬಳೆ ಕಳಚಿ ಸೆರಗಿಗೆ ಕಟ್ಟಿಕೊಳ್ಳುತ್ತಾರೆ. ಕೋರ್ಟಿನ ಕಟಕಟೆ ಹತ್ತುವವರು ಉಂಗುರ ತೆಗೆದು ಜವಾನನ ಕೈಗೆ ಕೊಡಬೇಕು. ಮದುಮಗಳಿಗೆ ಒಡವೆ ತೊಡಿಸುವಾಗ ವಾಲಗದವರನ್ನು ನಿಲ್ಲಿಸುತ್ತಾರೆ, ಹತ್ತಾರು ಅಕ್ಕಸಾಲಿಗರ ಹೆಸರು ಒಟ್ಟಿಗೇ ಕೇಳಬೇಕಲ್ಲ. ಕಿವಿಯೋಲೆ ಎಂದರೆ ಕಿವಿಗೆ ಬರೆದ ಓಲೆ ಎಂದು ನಾನು ಕಾಲೇಜಿನಲ್ಲಿ ಚಟಾಕಿ ಹಾರಿಸುತ್ತಿದ್ದೆ. ಬಳೆ ಜಾಸ್ತಿ ಮಾತಾಡಿದರೆ ಬೊಗಳೆ ಎಂದೂ.

ಒಡವೆ ಯಾರ ಹೆಸರು ಹೇಳುತ್ತದೋ ಅದು ಅವರದೇ ಕೆಲಸ. ಇದು ಕಾನೂನು. ಆದರೆ ಬೆಸುಗೆ ಹಾಕುವವರು ದೀಪದ ಉರಿಯನ್ನು ಊದುಗೊಳವೆಯಿಂದ ಒಡವೆಯ ಮೇಲೆ ಹಾಯಿಸುತ್ತಿರುತ್ತಾರೆ. ಬಾಯಲ್ಲಿ ಕೊಳವೆ, ತಮ್ಮ ಹೆಸರು ತಾವು ಹೇಳಿಕೊಳ್ಳಲಾರರು. ಆದ್ದರಿಂದ ಪಕ್ಕದಲ್ಲಿ ಒಬ್ಬರು ನಿಂತು "ಇಂಥವರು ಮಾಡಿದ್ದು" ಎಂದು ಹೇಳಬೇಕು. ಹಿಂದೆ ಹೆಂಡತಿ ಹೇಳುತ್ತಿದ್ದಳಂತೆ, ಅಪ್ಪ ಹೇಳುತ್ತಿದ್ದನಂತೆ, ಯಾರೂ ಇಲ್ಲದಿದ್ದರೆ ಬೀದಿಯಲ್ಲಿ ಹೋಗುವ ಹೂವಾಡಗಿತ್ತಿಯನ್ನು ಕರೆದು ಹೇಳಿಸುತ್ತಿದ್ದರಂತೆ. ಅಕ್ಕಸಾಲಿಗರ ಸಂಘದ ತರಗತಿಯಲ್ಲಿ ಮಾತ್ರ ಪಕ್ಕದಲ್ಲಿ ನಿಲ್ಲುತ್ತಿದ್ದವರು ಮೌನೇಶಾಚಾರ್ ಮೇಷ್ಟ್ರು. ಯಾರು ಊದಲಿ, ಅವರು ಹೇಳುತ್ತಿದ್ದದ್ದು ತಮ್ಮ ಹೆಸರು.

"ಕಲಿಯೋ ತನಕ ಗುರುವಿನ ಹೆಸರು, ಕಲಿತ ಮೇಲೆ ನಿಮ್ಮ ಹೆಸರು," ಎನ್ನುತ್ತಿದ್ದರು. ಕಲಿತೆವೋ ಇಲ್ಲವೋ ಎಂದು ತೀರ್ಮಾನಿಸುವವರೂ ಅವರೇ. ತಂದೆತಾಯಿ ಇಟ್ಟ ಹೆಸರು ಮೌನೇಶ. ಮೌನ ಹೆಸರಿನಲ್ಲಿ ಮಾತ್ರ.

ನಾನು ಬಿ.ಎ. ಮುಗಿಸಿ, ಪದವಿಯಲ್ಲಿ ಪದ ಇದೆ, ಕೆಲಸ ಇಲ್ಲ ಎಂದು ಗೊತ್ತಾದ ಮೇಲೆ ಆ ತರಗತಿಗೆ ಸೇರಿದ್ದೆ. ಹೆಸರು ಪ್ರಭಂಜನ. ಗಾಳಿಯ ಹೆಸರು ಇಟ್ಟುಕೊಂಡವನಿಗೆ ಮೊದಲ ಹದಿನೈದು ದಿನ ಗಾಳಿ ಊದುವುದನ್ನೇ ಕಲಿಸಿದರು. ಲೋಟದ ನೀರಿನಲ್ಲಿ ಪರಂಗಿ ಎಲೆಯ ದಂಟು ಇಟ್ಟು ಗುಳ್ಳೆ ನಿಲ್ಲದ ಹಾಗೆ ಊದಬೇಕು. ಕೆನ್ನೆಯಲ್ಲಿ ಗಾಳಿ ಕೂಡಿಟ್ಟುಕೊಂಡು, ಅದು ಹೊರಗೆ ಹೋಗುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಎಳೆಯಬೇಕು. ನಡುವೆ ಗುಳ್ಳೆ ನಿಂತರೆ ಉರಿ ನಡುಗುತ್ತದೆ, ಉರಿ ನಡುಗಿದರೆ ಬೆಸುಗೆ ಉಂಡೆಗಟ್ಟುತ್ತದೆ. ಇದನ್ನೆಲ್ಲ ಕಲಿಸಿದ್ದು ಮೇಷ್ಟ್ರಲ್ಲ, ರುದ್ರಕ್ಕ.

ರುದ್ರಕ್ಕ, ಅಂದರೆ ರುದ್ರಾಂಬ, ಹಾಜರಿ ಪುಸ್ತಕದಲ್ಲಿ ಹನ್ನೊಂದನೇ ವರ್ಷದ ವಿದ್ಯಾರ್ಥಿನಿ. ವಯಸ್ಸು ಐವತ್ತೆರಡು. ಊರಿನ ಒಳ್ಳೆಯ ವಂಕಿ, ಒಳ್ಳೆಯ ಡಾಬು, ಒಳ್ಳೆಯ ಓಲೆ ಎಲ್ಲ ಅವರ ಕೈಯಿಂದ ಹೊರಟವು. ಎಲ್ಲವೂ "ಮೌನೇಶಾಚಾರ್ ಮಾಡಿದ್ದು" ಎನ್ನುತ್ತವೆ. ನನ್ನ ಉಂಗುರ ಮೊದಲ ಸಲ ಹಾಗೆಂದಾಗ ನಾನು ಸಿಟ್ಟಿನಿಂದ ಕುಣಿದಾಡಿದ್ದೆ. ರುದ್ರಕ್ಕ ಹುಣಸೆಹುಳಿಯ ನೀರಿನಿಂದ ಒಂದು ಜೊತೆ ಕಾಲುಂಗುರ ಎತ್ತಿ ಅಂಟುವಾಳದ ನೊರೆಯಲ್ಲಿ ಉಜ್ಜುತ್ತ, "ಒಂದು ಉಂಗುರಕ್ಕೇ ಇಷ್ಟು ಕುಣೀತಿಯಲ್ಲೋ," ಎಂದರು.

"ಮತ್ತೆ ನೀವು ಹನ್ನೊಂದು ವರ್ಷ ಯಾಕೆ ಸುಮ್ನಿದ್ರಿ ರುದ್ರಕ್ಕ?"

"ಬಾಯಲ್ಲಿ ಕೊಳವೆ ಇತ್ತಪ್ಪ."

ನಾನು ನಕ್ಕೆ. ಅವರು ನಗಲಿಲ್ಲ.

ಸೇಡು ತೀರಿಸಿಕೊಳ್ಳಲು ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಅಣಕ. ಕಾಲೇಜಿನಲ್ಲಿ ಏಳು ಜನ ಗೆಳೆಯರ ಹಾಜರಿಯನ್ನು ಏಳು ಗಂಟಲಿನಲ್ಲಿ ಕೂಗಿದವನು ನಾನು. ಎಂಟನೆಯದಾಗಿ ನನ್ನದನ್ನು ಕೂಗಿದಾಗ ಲೆಕ್ಚರರು "ಪ್ರಭಂಜನನ ಥರ ಅಣಕಿಸೋದು ಯಾರು?" ಎಂದು ಕೇಳಿದ್ದರು. ಮೇಷ್ಟ್ರ ಗಂಟಲು ಸುಲಭದ ತುತ್ತು. ಮೊದಲು ಜಲ್ಲಿ ತುಂಬಿದ ಲಾರಿ ಗೇರು ಬದಲಿಸಿದ ಹಾಗೆ ಒಂದು ಕೆಮ್ಮು. ಆಮೇಲೆ "ಮೌ" ಅನ್ನುವಲ್ಲಿ ಬಾಯಿ ತುಂಬ ಗಾಳಿ, "ಚಾರ್" ಅನ್ನುವಲ್ಲಿ ಬಾಗಿಲು ಹಾಕಿದ ಹಾಗೆ ಒಂದು ಹೊಡೆತ. ಅರ ಹಾಕುತ್ತ ಕೂತಾಗ ನಾನು ಇದನ್ನು ಮಾಡಿದರೆ ತರಗತಿಯ ನಾಲ್ಕೂ ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಯಾರೂ ನಗಲಿಲ್ಲ. ತಿರುಗಿ ನೋಡಿದೆ. ಮೇಷ್ಟ್ರು ಕೊರಳಿಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದರು. ಕೈಯಲ್ಲಿ ಸ್ಲೇಟು. ಅದರ ಮೇಲೆ "ಒಳಗೆ ಬಾ" ಎಂದು ಬರೆದಿತ್ತು.

ಒಳಗೆ ಎಂದರೆ ಬೆಸುಗೆಯ ಕೋಣೆ. ಲೋಹ ಕಾದು ಬಣ್ಣ ತಿರುಗುವುದು ಕಾಣಬೇಕು ಎಂದು ಅಲ್ಲಿ ಕಿಟಕಿಗಳಿಗೆ ಕಂಬಳಿ ಹೊದಿಸಿರುತ್ತದೆ. ಅಲ್ಲಿ ಅವರು ಸ್ಲೇಟಿನ ಮೇಲೆ ಬರೆದು ಅಳಿಸಿ ಹೇಳಿದ್ದು ಇಷ್ಟು. ಗಂಟಲಿಗೆ ಕತ್ತರಿ ಆಡಿಸಿದ್ದಾರೆ. ಮೂರು ತಿಂಗಳು ಮಾತಾಡುವ ಹಾಗಿಲ್ಲ. ಊರಿಗೆ ಮೌನವ್ರತ ಎಂದು ಹೇಳಿಯಾಗಿದೆ, ಬೆಸುಗೆಯ ಕ್ಷಣದಲ್ಲಿ ಮಾತ್ರ ವ್ರತ ಬಿಡುತ್ತೇನೆ ಎಂದೂ ಹೇಳಿಯಾಗಿದೆ. ಆ ಕ್ಷಣದ ಮಾತು ನೀನು ಆಡಬೇಕು. ಕೊನೆಗೆ ದೊಡ್ಡ ಅಕ್ಷರದಲ್ಲಿ: "ನಿನಗೆ ಒಳ್ಳೇ ಗಂಟಲಿದೆ."

ನಾನು ಸಿಟ್ಟಾಗಬೇಕಿತ್ತು. ಆಗಲಿಲ್ಲ ಎನ್ನುವುದನ್ನು ಈಗ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಬಿ.ಎ. ಮಾಡಿದ್ದಕ್ಕೆ ಯಾರೂ ನನ್ನನ್ನು ಹೊಗಳಿರಲಿಲ್ಲ, ಅಣಕಕ್ಕೆ ಒಬ್ಬ ಗುರು ಶಿಫಾರಸು ಕೊಟ್ಟಿದ್ದರು. ಆ ದಿನದಿಂದ ಉಳಿದವರನ್ನೆಲ್ಲ ಹೊರಗೆ ಅರ ಹಾಕಲು ಕೂರಿಸಿ, ಒಳಗಿನ ಬೆಸುಗೆಯನ್ನೆಲ್ಲ ರುದ್ರಕ್ಕನಿಗೇ ವಹಿಸಿದರು. ಅವರು ಊದುತ್ತಿದ್ದರು. ನಾನು ಪಕ್ಕದಲ್ಲಿ ನಿಂತು, ಬೆಸುಗೆಗೆ ಹಚ್ಚಿದ ಬಿಳಿಗಾರ ಗಾಜಿನ ಹಾಗೆ ಕರಗಿ, ಬೆಸುಗೆಯ ಚೂರು ಮಿಂಚಿ ಬಿರುಕಿನೊಳಗೆ ಓಡುವಾಗ, ಕೆಮ್ಮಿ, "ಮೌನೇಶಾಚಾರ್ ಮಾಡಿದ್ದು" ಎನ್ನುತ್ತಿದ್ದೆ. ಓಲೆಗಳು, ಬುಗುಡಿಗಳು, ಉಡಿದಾರಗಳು. ಪೇಟೆಯಲ್ಲಿ ಯಾರಾದರೂ ಹೊಸ ಒಡವೆ ತೊಟ್ಟು ಅದು ಕೂಗಿದರೆ, ಅದು ನನ್ನ ಗಂಟಲು ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ರುದ್ರಕ್ಕ ಕೊಳವೆ ಇಳಿಸಿ ಎದೆ ಹಿಡಿದುಕೊಂಡು ಕೂತರು. ಉಸಿರು ಸೀಟಿ ಹೊಡೆಯುತ್ತಿತ್ತು. ನೀರು ಕೊಟ್ಟೆ.

"ಹೊಗೆ ಕುಡಿದೂ ಕುಡಿದೂ ಎದೆಯ ತಿದಿ ತೂತಾಯ್ತು ಕಣೋ," ಎಂದರು. "ಇನ್ನೊಂದು ವರ್ಷ ಊದ್ತೀನೋ ಇಲ್ವೋ. ಸ್ವಂತ ಅಗ್ಗಿಷ್ಟಿಕೆ ಇದ್ದಿದ್ರೆ ಊದೋಕೆ ನಾಲ್ಕು ಮಕ್ಕಳನ್ನ ಕೂರಿಸಿಕೊಂಡು ಕಲಿಸಬಹುದಿತ್ತು. ಹೆಸರಿಲ್ಲದೆ ಅಗ್ಗಿಷ್ಟಿಕೆ ಹಚ್ಚೋ ಹಾಗಿಲ್ಲ."

"ಪರೀಕ್ಷೆ ಬರ್ತಿದೆಯಲ್ಲ."

"ಬರ್ತಿದೆ. ಮೇಷ್ಟ್ರು ಅಲ್ಲಿ ಇಡೋ ವಂಕಿ ನಾನು ಮಾಡ್ತೀನಿ, ಹೆಸರು ನೀನು ಹೇಳ್ತೀಯ." ಅವರು ನನ್ನನ್ನು ನೋಡಿದರು. "ಮೇಷ್ಟ್ರಾದ್ರೂ ತಮ್ಮ ಹೆಸರು ತಾವು ಹೇಳ್ಕೋತಿದ್ರು. ನೀನು ಯಾತಕ್ಕಪ್ಪ ಅವರ ಹೆಸರು ಹೇಳೋದು? ನಿನಗೇನು ಸಿಕ್ತು?"

ನನ್ನ ಬೆರಳು ಬಿಸಿಯಾಗಿ "ಮೌನೇಶಾಚಾರ್ ಮಾಡಿದ್ದು" ಎಂದಿತು. ಉತ್ತರ ಕೊಡುವ ಕಷ್ಟ ನನಗೆ ತಪ್ಪಿತು.

ಸಂಘದ ಪರೀಕ್ಷೆ ವರ್ಷಕ್ಕೊಂದು ಸಲ. ಪರೀಕ್ಷೆಯ ಒಡವೆ ಅದಕ್ಕೂ ಮೊದಲು ಯಾರ ಮೈಗೂ ಸೋಕಬಾರದು. ಅರಿಶಿನದ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಹಾಕಿ ಇಡುತ್ತಾರೆ. ಸಭೆಯಲ್ಲೇ ಬಿಚ್ಚಿ ತೊಟ್ಟು, ಎಲ್ಲರೂ ಕೇಳಬೇಕು. ಅಲ್ಲಿ ಮೊದಲ ಬಾರಿಗೆ ಯಾರ ಹೆಸರು ಕೇಳುತ್ತದೋ ಅವರಿಗೆ ಸ್ವಂತ ಅಗ್ಗಿಷ್ಟಿಕೆ. ಮೇಷ್ಟ್ರು ಮಾತ್ರ ಪ್ರತಿವರ್ಷ ಮರ್ಯಾದೆಗೆಂದು ಒಂದು ಒಡವೆ ಇಡುತ್ತಿದ್ದರು, ಪ್ರತಿವರ್ಷ ಶಾಲು ಹೊದೆಯುತ್ತಿದ್ದರು.

ಈ ಸಲದ ವಂಕಿಗೆ ಇಪ್ಪತ್ತಮೂರು ಬೆಸುಗೆ. ಒಂದನ್ನು ಕಾಯಿಸುವಾಗ ಉಳಿದವು ಬಿಚ್ಚಿಕೊಳ್ಳದಂತೆ ರುದ್ರಕ್ಕ ಅವುಗಳಿಗೆ ಕಾವಿಮಣ್ಣು ಮೆತ್ತುತ್ತಿದ್ದರು. ಎಷ್ಟು ಬೆಸುಗೆ ಇದ್ದರೂ ಒಡವೆಯಲ್ಲಿ ಉಳಿಯುವುದು ಕೊನೆಯ ಬೆಸುಗೆಯ ಮಾತು. ಆ ಕೊನೆಯ ಬೆಸುಗೆಯ ದಿನ ಮೇಷ್ಟ್ರು ಗಂಟಲು ತೋರಿಸಲು ಡಾಕ್ಟರ ಹತ್ತಿರ ಹೋಗಿದ್ದರು.

ಕೋಣೆ ಕತ್ತಲು. ರುದ್ರಕ್ಕ ಊದುತ್ತಿದ್ದರು. ಅವರ ಕೆನ್ನೆಯ ಮೇಲೆ ಉರಿಯ ಬೆಳಕು. ವಂಕಿಯ ಮೊನೆ ಕೆಂಪಗಾಯಿತು, ಬೆಸುಗೆ ಮಿಂಚಿತು. ಹಿಂದಿನ ರಾತ್ರಿಯೆಲ್ಲ ನಾನು ಲೆಕ್ಕ ಹಾಕಿದ್ದೆ. ರುದ್ರಕ್ಕನ ಹೆಸರನ್ನು ನನ್ನ ಗಂಟಲಿನಲ್ಲಿ ಹೇಳಿದರೆ ಮೇಷ್ಟ್ರು ಇದು ಪೋಲಿ ಹುಡುಗನ ಕುಚೋದ್ಯ ಎಂದುಬಿಡುತ್ತಾರೆ. ಅವರದೇ ಗಂಟಲಿನಲ್ಲಿ ಹೇಳಿದರೆ? ಅದು ತಮ್ಮ ಗಂಟಲಲ್ಲ ಎಂದರೆ ಮೂರು ತಿಂಗಳ ಗುಟ್ಟು ರಟ್ಟಾಗುತ್ತದೆ. ನಾನು ಜಲ್ಲಿ ಲಾರಿಯ ಗೇರು ಬದಲಿಸಿ ಕೆಮ್ಮಿ, ಬಾಯಿ ತುಂಬ ಗಾಳಿ ತುಂಬಿಕೊಂಡು, "ರುದ್ರಾಂಬ ಮಾಡಿದ್ದು" ಎಂದೆ.

ರುದ್ರಕ್ಕನ ಕಣ್ಣು ನನ್ನ ಕಡೆ ತಿರುಗಿತು. ಊದುವುದನ್ನು ನಿಲ್ಲಿಸುವ ಹಾಗಿರಲಿಲ್ಲ, ಬೆಸುಗೆ ಇನ್ನೂ ಓಡುತ್ತಿತ್ತು. ಅದು ಓಡಿ ಮುಗಿದ ಮೇಲೆ ಅವರು ಕೊಳವೆ ಇಳಿಸಿ, ವಂಕಿಯನ್ನು ಇಕ್ಕಳದಲ್ಲಿ ಎತ್ತಿ ಹುಣಸೆ ನೀರಿಗೆ ಹಾಕಿ, ಒಂದು ಮಾತೂ ಆಡದೆ ಎದ್ದು ಹೋದರು. ಕೃತಜ್ಞತೆಯಿಂದ ಗಂಟಲು ಕಟ್ಟಿರಬೇಕು ಎಂದುಕೊಂಡೆ. ಗಂಟಲಿನ ವಿಷಯದಲ್ಲಿ ನಾನು ಅಷ್ಟು ದೊಡ್ಡ ಪಂಡಿತ.

ಪರೀಕ್ಷೆಯ ದಿನ ಸಂಘದ ಸಭಾಂಗಣ ತುಂಬಿತ್ತು. ಅಧ್ಯಕ್ಷೆ ದೇವೀರಮ್ಮನವರಿಗೆ ಎಂಬತ್ತು ದಾಟಿದೆ. ಅವರ ಮೂಗುತಿಯನ್ನು ಅವರಪ್ಪ ಅಡುಗೆಮನೆಯ ಪಕ್ಕ ಕೂತು ಬೆಸೆದಿದ್ದನಂತೆ. ಅವರಿಗೆ ಸಿಟ್ಟು ಬಂದಾಗಲೆಲ್ಲ ಅದು ಯಾವಳೋ ಅಜ್ಜಿಯ ದನಿಯಲ್ಲಿ "ಹಾಲು ಉಕ್ತು ಕಣೇ" ಎನ್ನುತ್ತದೆ. ಸಂಘದಲ್ಲಿ ಆ ಮಾತು ಕೇಳಿದರೆ ಎಲ್ಲರೂ ನೆಟ್ಟಗೆ ಕೂರುತ್ತಾರೆ.

ಮೇಷ್ಟ್ರು ಮುಂದಿನ ಸಾಲಿನಲ್ಲಿ ಮಫ್ಲರ್ ಸುತ್ತಿ, ಒಂದೇ ಕೈಗೆ ಐದು ಉಂಗುರ ತೊಟ್ಟು, ಸ್ಲೇಟು ಹಿಡಿದು ಋಷಿಯ ಹಾಗೆ ಕೂತಿದ್ದರು. ದೇವೀರಮ್ಮ ಮುದ್ರೆ ಒಡೆದು ವಂಕಿಯನ್ನು ತೋಳಿಗೆ ಏರಿಸಿಕೊಂಡರು. ಹಾವಿನ ಹೆಡೆಗಳೆರಡು ಮೂತಿ ತಾಗಿಸಿದ ಆ ಕೆಲಸಕ್ಕೆ ಸಭೆಯೇ ತಲೆದೂಗಿತು.

"ನನ್ನ ಮೈ ಬಿಸಿ ಏರೋಕೆ ಹೊತ್ತು ಹಿಡಿಯುತ್ತೆ," ಎಂದರು ದೇವೀರಮ್ಮ. "ಸಿಟ್ಟು ಬರೋ ಹಂಗೆ ಯಾರಾದ್ರೂ ಏನಾದ್ರೂ ಹೇಳ್ರಪ್ಪ."

"ಈ ಸಲ ಕಾಫಿ ಇಲ್ಲ ಅಮ್ಮ, ಹಾಲಿನವನು ಬಂದಿಲ್ಲ," ಎಂದ ಕಾರ್ಯದರ್ಶಿ.

ಮೂಗುತಿ "ಹಾಲು ಉಕ್ತು ಕಣೇ" ಎಂದಿತು. ಅದರ ಹಿಂದೆಯೇ ವಂಕಿ ಕೆಮ್ಮಿತು. ಊರಿಗೆಲ್ಲ ಗೊತ್ತಿರುವ ಆ ಗಂಟಲಿನಲ್ಲಿ, "ರುದ್ರಾಂಬ ಮಾಡಿದ್ದು" ಎಂದಿತು.

ದೇವೀರಮ್ಮ ತೋಳನ್ನು ಕಿವಿಯ ಹತ್ತಿರ ತಂದು ಮತ್ತೊಮ್ಮೆ ಕೇಳಿದರು. "ಆಚಾರ್ರೇ, ಇದು ನಿಮ್ಮ ಗಂಟಲೇ ಅಲ್ವಾ?"

ಮೇಷ್ಟ್ರ ಐದೂ ಉಂಗುರಗಳು ಒಂದರ ಹಿಂದೆ ಒಂದು "ಮೌನೇಶಾಚಾರ್ ಮಾಡಿದ್ದು, ಮೌನೇಶಾಚಾರ್ ಮಾಡಿದ್ದು" ಎಂದು ಕೂಗತೊಡಗಿದವು. ಅವರು ಆ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ಸ್ಲೇಟಿನ ಮೇಲೆ ಏನೋ ಬರೆದರು. ಮಫ್ಲರಿನ ತುದಿಯಿಂದ ಅಳಿಸಿದರು. ನನ್ನನ್ನು ನೋಡಿದರು. ಮತ್ತೆ ಬರೆದು ಎತ್ತಿ ಹಿಡಿದರು. "ಹೌದು."

"ರುದ್ರಾಂಬ ಅಂದ್ರೆ ಯಾರು?"

"ಹನ್ನೊಂದನೇ ವರ್ಷದ ವಿದ್ಯಾರ್ಥಿನಿ ಅಮ್ಮ," ಎಂದ ಕಾರ್ಯದರ್ಶಿ.

"ಹನ್ನೊಂದು ವರ್ಷ ಏನು ಕಲಿಸಿದ್ರಿ ಇವಳಿಗೆ, ಕಾಯೋದನ್ನಾ?" ಮೂಗುತಿ ಮತ್ತೆ ಹಾಲು ಉಕ್ಕಿಸಿತು. "ಬರ್ಕೊಳ್ಳಿ. ಇವತ್ತಿಂದ ಇವಳು ಸ್ವಂತ ಅಗ್ಗಿಷ್ಟಿಕೆ ಹಚ್ಚಬಹುದು."

ಜನ ಚಪ್ಪಾಳೆ ತಟ್ಟಿದರು. ನಾನು ರುದ್ರಕ್ಕ ನನ್ನ ಕಡೆ ನೋಡಲಿ ಎಂದು ಕಾದೆ. ನೋಡಿದರು. ಎದ್ದು ಬಂದು, ನನಗೊಬ್ಬನಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದರು.

"ಯಾರು ನಿನಗೆ ಹೇಳಿದ್ದು ಹಾಗನ್ನು ಅಂತ?"

"ನಿಮಗೋಸ್ಕರ ರುದ್ರಕ್ಕ."

"ಹನ್ನೊಂದು ವರ್ಷ ಆ ಗಂಟಲು ನನ್ನ ಕೆಲಸದ ಮೇಲೆ ಕೂತಿತ್ತು. ಈಗ ನನ್ನ ಹೆಸರಿನ ಮೇಲೂ ತಂದು ಕೂರಿಸಿದ್ಯಲ್ಲೋ."

"ಬೇರೆ ದಾರಿ ಇರಲಿಲ್ಲ."

"ನನ್ನ ಕೇಳಬಹುದಿತ್ತು. ಬಾಯಲ್ಲಿ ಕೊಳವೆ ಇರೋ ಹೊತ್ತು ನೋಡಿ ಹೇಳಿದ್ಯಲ್ಲ. ಅವರೂ ಹಾಗೇ ಮಾಡ್ತಿದ್ದದ್ದು."

ನನಗೆ ಸಿಟ್ಟು ಬಂತು. ಉಪಕಾರ ಮಾಡಿದವನಿಗೆ ಈ ಮಾತೇ ಎಂದು. ಬೆರಳು ಕೂಗಿತು. "ನೋಡು," ಎಂದರು ರುದ್ರಕ್ಕ, "ನಿನ್ನ ಮೇಷ್ಟ್ರು ಕರೀತಿದ್ದಾರೆ."

ಅವರು ವೇದಿಕೆಗೆ ಹೋದರು. "ಅಮ್ಮ, ವಂಕಿ ಸ್ವಲ್ಪ ಕೊಡ್ತೀರಾ. ಕೊನೇ ಬೆಸುಗೆ ಸರಿ ಬಂದಿಲ್ಲ."

"ಸರಿಯಾಗೇ ಇದೆಯಲ್ಲಮ್ಮ."

"ಮಾಡಿದವಳು ನಾನೇ ಅಂತ ಈಗ ತಾನೇ ಬರ್ಕೊಂಡ್ರಲ್ಲ. ಹಾಗಾದ್ರೆ ನನ್ನ ಮಾತು ನಂಬಿ."

ಅಕ್ಕಸಾಲಿಗರ ಸಂಘದಲ್ಲಿ ದೀಪಕ್ಕೂ ಕೊಳವೆಗೂ ಬರವೇ? ಬಾಗಿಲು ಹಾಕಿದರು, ಕಿಟಕಿಗಳಿಗೆ ಜಮಖಾನೆ ಇಳಿಬಿಟ್ಟರು. ರುದ್ರಕ್ಕ ಇಪ್ಪತ್ತೆರಡು ಬೆಸುಗೆಗಳಿಗೆ ಕಾವಿಮಣ್ಣು ಮೆತ್ತಿದರು. "ಐದು ನಿಮಿಷ ಯಾರೂ ಉಸಿರೆತ್ತಬೇಡಿ," ಎಂದರು. ಕಾರ್ಯದರ್ಶಿ ಪಕ್ಕಕ್ಕೆ ಬಂದು, "ಹೆಸರು ಯಾರು ಹೇಳಬೇಕಮ್ಮ?" ಎಂದು ಪಿಸುಗುಟ್ಟಿದ. ರುದ್ರಕ್ಕ ಅವನನ್ನು ಕೈಸನ್ನೆಯಿಂದ ಕೂರಿಸಿ ಕೊಳವೆ ಕಚ್ಚಿದರು.

ಮುನ್ನೂರು ಜನರ ಆ ಕತ್ತಲೆಯಲ್ಲಿ ಕೇಳುತ್ತಿದ್ದದ್ದು ಅವರು ಊದುವ ಉಸಿರೊಂದೇ. ವಂಕಿಯ ಮೊನೆ ಕೆಂಪಾಯಿತು. ಹಳೆಯ ಬೆಸುಗೆ ಕರಗಿ ನನ್ನ ಜಾಣತನವೆಲ್ಲ ಹರಿದುಹೋಯಿತು, ಹೊಸದು ಮಿಂಚಿ ಓಡಿ ಕೂಡಿಕೊಂಡಿತು. ನನ್ನ ನಾಲಗೆ ತುದಿಯಲ್ಲಿ ಅವರ ಹೆಸರು ಅವರದೇ ದನಿಯಲ್ಲಿ ಸಿದ್ಧವಾಗಿತ್ತು. ಅದೂ ನನಗೆ ಬರುತ್ತದೆ. ಹಲ್ಲು ಕಚ್ಚಿ ನುಂಗಿದೆ. ಅಷ್ಟು ಕಷ್ಟದ ಇನ್ನೊಂದು ಕೆಲಸವನ್ನು ನಾನು ಆ ತರಗತಿಯಲ್ಲೂ ಮಾಡಿಲ್ಲ.

ದೇವೀರಮ್ಮ ವಂಕಿಯನ್ನು ಮತ್ತೆ ತೋಳಿಗೇರಿಸಿದರು. ಈ ಸಲ ಯಾರೂ ಸಿಟ್ಟು ಬರಿಸಬೇಕಾಗಲಿಲ್ಲ. ವಂಕಿ ಉಸಿರಾಡಿತು. ಉದ್ದಕ್ಕೆ, ತಡೆಯಿಲ್ಲದೆ. ನಡುವೆ ಮೂಗಿನಿಂದ ಗಾಳಿ ಎಳೆದುಕೊಂಡ ಸಣ್ಣ ಸುಯ್ಯಿ, ಮತ್ತೆ ಉದ್ದದ ಉಸಿರು, ಕೊನೆಯಲ್ಲಿ ತೂತಾದ ತಿದಿಯ ಸೀಟಿ.

"ಇದರಲ್ಲಿ ಹೆಸರೇ ಇಲ್ವಲ್ಲಮ್ಮ," ಎಂದರು ದೇವೀರಮ್ಮ.

"ಹೆಸರು ಪಕ್ಕದಲ್ಲಿ ನಿಂತವರು ಹೇಳೋದು ಅಮ್ಮ. ಇದು ಕೊಳವೆ ಕಚ್ಚಿದವರದ್ದು."

ದೇವೀರಮ್ಮ ಮತ್ತೊಮ್ಮೆ ತೋಳನ್ನು ಕಿವಿಗೆ ಹಿಡಿದರು. ಸಭೆ ಮುಗಿದು ಕಾಫಿ ಬರುವ ತನಕ (ಹಾಲಿನವನು ಬಂದಿದ್ದ) ವಂಕಿಯನ್ನು ತೋಳಿನಿಂದ ಇಳಿಸಲಿಲ್ಲ.

ರುದ್ರಕ್ಕ ಬಾವಿಯ ಓಣಿಯಲ್ಲಿ ಅಗ್ಗಿಷ್ಟಿಕೆ ಹಚ್ಚಿದರು. ಮೊದಲ ದಿನವೇ ಹೋದೆ. "ಬಾಯಿ ಮುಚ್ಕೊಂಡು ಊದೋದಾದ್ರೆ ಬಾ," ಎಂದರು. ನನ್ನ ಉಂಗುರದ ಬೆಸುಗೆಯನ್ನು ನಾನೇ ಬಿಚ್ಚಿ ನಾನೇ ಕೂಡಿಸಿದೆ, ಪಕ್ಕದಲ್ಲಿ ಯಾರೂ ನಿಲ್ಲಲಿಲ್ಲ. ಈಗ ಅದು ಸೈಕಲ್ ಪಂಪಿನ ಹಾಗೆ ಉಸಿರಾಡುತ್ತದೆ, ನಡುವೆ ಒಂದು ಬಿಕ್ಕಳಿಕೆ. ಕೇಳಲು ಚೆನ್ನಾಗಿಲ್ಲ. ಆದರೆ ಇಷ್ಟು ವರ್ಷ ಎಷ್ಟೋ ಜನರ ಸದ್ದು ಮಾಡಿದ ನಾನು ನನ್ನ ಸದ್ದನ್ನು ಕೇಳಿದ್ದು ಅದೇ ಮೊದಲು.

ಹೋದ ವಾರ ಬಟ್ಟೆ ಅಂಗಡಿಯಲ್ಲಿ ಮೇಷ್ಟ್ರು ಸಿಕ್ಕರು. ಗಂಟಲು ವಾಸಿಯಾಗಿದೆ. ನನ್ನ ಕಡೆ ಬೆನ್ನು ಮಾಡಿ ಕೂತು ಅಂಗಡಿಯವನಿಗೆ ಹೇಳುತ್ತಿದ್ದರು, "ಆ ವಂಕಿ ಇದೆಯಲ್ಲ, ಉಸಿರು ಬಿಡೋದು, ಆ ವಿದ್ಯೆ ನಾನೇ ಅವಳಿಗೆ ಹೇಳ್ಕೊಟ್ಟಿದ್ದು."

ನನ್ನ ಕಿವಿ ಬಿಸಿಯಾಯಿತು, ಕೈ ಬಿಸಿಯಾಯಿತು. ಬೆರಳು ಉಸ್ಸೆಂದು ಊದತೊಡಗಿತು, ನಡುವೆ ಬಿಕ್ಕಿತು, ಮತ್ತೆ ಊದಿತು.

"ಯಾರಯ್ಯ ಅದು ಹಿಂದೆ ಬುಸುಗುಡ್ತಿರೋದು?" ಎಂದರು ಮೇಷ್ಟ್ರು, ತಿರುಗದೆ.

ನನ್ನ ಬಾಯಲ್ಲಿ ಆ ಕ್ಷಣ ಹತ್ತು ಗಂಟಲುಗಳಿದ್ದವು. "ನಾನು ಮೇಷ್ಟ್ರೇ, ಪ್ರಭಂಜನ," ಎಂದೆ, ನನ್ನದರಲ್ಲೇ.